ಕ್ರೋಮಿನ ಅಡಿಯ ಬಳ್ಳಿ

ಎಡಗಾಲಿನ ಬ್ರೇಕ್ ಪೆಡಲನ್ನೂ ಫುಟ್‌ರೆಸ್ಟನ್ನೂ ಬಿಚ್ಚಿ ಪಕ್ಕಕ್ಕಿಟ್ಟಾಗಿದೆ. ಹಳೆಯ ಬುಲೆಟ್ಟಿನ ಪ್ರೈಮರಿ ಕವರನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್ಟು. ಸ್ಪ್ಯಾನರ್ ಹಾಕಿ ತಿರುಗಿಸುತ್ತೀರಿ. ಕೆಳಗಿಟ್ಟ ತಟ್ಟೆಗೆ ಕಪ್ಪು ಆಯಿಲ್ ಸುರಿಯುತ್ತದೆ, ಹತ್ತಿರಹತ್ತಿರ ಮೊಳದುದ್ದದ ಕವರು ಕೈಗೆ ಬರುತ್ತದೆ. ಮೇಲೆ ಕ್ರೋಮು, ಒಳಗೆ ಎರಕದ ಅಲ್ಯೂಮಿನಿಯಂ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ ಮೇಲೆ ದಶಕಗಟ್ಟಲೆ ಹೆಚ್ಚುಕಡಿಮೆ ಇದೇ ಆಕಾರದಲ್ಲಿ ಬಂದ ಭಾಗ ಇದು. ಇಡೀ ಗಾಡಿಯಲ್ಲಿ ಕೆತ್ತನೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಟ್ಯಾಂಕಿನ ತಗಡು ತೆಳು, ಹೆಡ್‌ಲೈಟಿನ ರಿಂಗು ಇನ್ನೂ ತೆಳು. ಇದಕ್ಕೆ ಮಾತ್ರ ಅಗಲವೂ ಇದೆ, ಉಳಿ ಇಳಿಯುವಷ್ಟು ದಪ್ಪವೂ ಇದೆ.

ಬೆಂಗಳೂರಿನ ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಕೆಳಗೆ ಪಾತ್ರೆ ಅಂಗಡಿ. ಹುಡುಗನೊಬ್ಬ ಗುರ್ರೆನ್ನುವ ಕರೆಂಟ್ ಪೆನ್ನು ಹಿಡಿದು ಸ್ಟೀಲ್ ಡಬ್ಬಿಗಳ ಮೇಲೆ ಮದುಮಕ್ಕಳ ಹೆಸರು ಬರೆಯುತ್ತಿದ್ದಾನೆ. ಕಡಿದಾದ ಮೆಟ್ಟಿಲು ಹತ್ತಿದರೆ ಆಚಾರ್ರ ಕೋಣೆ. ಬೆಳ್ಳಿ ತಟ್ಟೆ, ದೇವರ ಪ್ರಭಾವಳಿಗಳಿಗೆ ನಕಾಶಿ ಕೆತ್ತುವ ಕೈ ಅವರದು. ಕವರನ್ನು ಅವರ ಮುಂದಿಟ್ಟು ಕೇಳುತ್ತೀರಿ: "ಆಚಾರ್ರೇ, ಕೆಳಗಡೆ ಆ ಹುಡುಗ ಬರೀತಿದಾನಲ್ಲ, ಹಂಗೇ ಇದರ ಮೇಲೂ ಬರೆದ್ರೆ ಆಗಲ್ವಾ?"

"ಆ ಡಬ್ಬಿ ಒಳಗೂ ಹೊರಗೂ ಒಂದೇನಪ್ಪಾ. ಇದು ಹಂಗಲ್ಲ."

ಅವರು ಮೂಲೆಯಿಂದ ಒಂದು ಹೆಡ್‌ಲೈಟ್ ರಿಂಗು ತೆಗೆದು ಕೊಡುತ್ತಾರೆ. ಯಾರೋ ಕ್ರೋಮಿನ ಮೇಲೆಯೇ ಹೆಸರು ಕೊರೆಸಿದ್ದಾರೆ. ಅಕ್ಷರಗಳ ಸುತ್ತ ಹಳೆ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದಿದೆ, ಚಕ್ಕೆಯ ಅಡಿಯಿಂದ ಕೆಂಪು ತುಕ್ಕು ಇಣುಕುತ್ತಿದೆ. ನಾವು ಇಷ್ಟೊಂದು ಮೆಚ್ಚುವ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ನೂರು ಪದರ ಹಿಡಿಸುತ್ತವೆ. ಅದರ ಕೆಳಗೆ 20 ಮೈಕ್ರಾನ್ ಆಸುಪಾಸಿನ ನಿಕ್ಕಲ್, ಅದರ ಕೆಳಗೆ ತಾಮ್ರ. ತುಕ್ಕನ್ನು ತಡೆಯುವ ಹೆಚ್ಚಿನ ಕೆಲಸ ನಿಕ್ಕಲಿನದು. ಕ್ರೋಮು ಗಟ್ಟಿ, ಆದರೆ ಬಗ್ಗುವ ಜಾತಿಯಲ್ಲ. ಉಳಿ ತಾಗಿದರೆ ಸಿಡಿಯುತ್ತದೆ. ಬಿರುಕಿನಿಂದ ನೀರು ಒಳಗಿಳಿದ ಮೇಲೆ ಕೆತ್ತನೆಯೂ ಉಳಿಯುವುದಿಲ್ಲ, ಹೊಳಪೂ ಉಳಿಯುವುದಿಲ್ಲ.

"ಕ್ರೋಮ್ ತೆಗೆಸ್ಕೊಂಡು ಬಾ. ಆಮೇಲೆ ಮಾತಾಡೋಣ."

ಪೀಣ್ಯದ ಪ್ಲೇಟಿಂಗ್ ಶೆಡ್ಡಿನಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಮ್ಯೂರಿಯಾಟಿಕ್ ಆಸಿಡ್ಡಿನಲ್ಲಿ ಅದ್ದಿದರೆ ಕ್ರೋಮು ನೊರೆಯೆದ್ದು ಹಸಿರಾಗಿ ಕರಗುತ್ತದೆ, ನಿಕ್ಕಲಿನ ಹಳದಿ ಛಾಯೆ ಹೊರಬೀಳುತ್ತದೆ. ನಿಕ್ಕಲನ್ನೂ ತಾಮ್ರವನ್ನೂ ತಿನ್ನುವುದು ನೈಟ್ರಿಕ್ ಆಸಿಡ್. ಏಳುವ ಕಂದು ಹೊಗೆಯಿಂದ ದೂರ ನಿಲ್ಲಿ. ಕವರು ಬೂದುಬಣ್ಣದ ಬರೀ ಅಲ್ಯೂಮಿನಿಯಂ ಆಗಿ ಮೇಲೆ ಬರುತ್ತದೆ. ಅದನ್ನು ಬಫ್ಫಿಗೆ ಕೊಟ್ಟು ಕನ್ನಡಿಯಂತಾಗುವವರೆಗೆ ಉಜ್ಜಿಸಿ. ಉಜ್ಜುವುದೆಲ್ಲ ಈಗಲೇ ಮುಗಿಯಬೇಕು.

ಮತ್ತೆ ನಗರ್ತಪೇಟೆ. ಆಚಾರ್ರು ಕವರಿನ ಒಳಗುಳಿಗೆ ಬಿಸಿ ಅರಗು ತುಂಬಿ ಹಲಗೆಯ ಮೇಲೆ ಕೂರಿಸುತ್ತಾರೆ. ಅರಗು ಆರಿದ ಮೇಲೆ ಗುದ್ದಿದರೂ ಅಲುಗುವುದಿಲ್ಲ. ಮೇಲ್ಮೈಗೆ ತೆಳ್ಳಗೆ ಬಿಳಿ ಬಣ್ಣ ಸವರಿ, ಒಣಗಿದ ಮೇಲೆ ಪೆನ್ಸಿಲಿನಲ್ಲಿ ಬಳ್ಳಿ ಎಳೆಯುತ್ತಾರೆ. ಬೀದರಿನ ಬಿದ್ರಿ ಕೆಲಸದವರು ಇದೇ ಹಂತದಲ್ಲಿ ಮೈಲುತುತ್ತದ ನೀರು ಹಚ್ಚಿ ಲೋಹವನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿಕೊಳ್ಳುತ್ತಾರೆ, ಉಳಿ ಹಾದಲ್ಲೆಲ್ಲ ಬೆಳ್ಳಗೆ ಕಾಣಲೆಂದು. ಇಲ್ಲಿ ಲೋಹವೇ ಬೆಳಗುತ್ತಿರುವುದರಿಂದ ಅದರ ಕಣ್ಣುಕುಕ್ಕುವಿಕೆಯನ್ನು ಬಿಳಿ ಬಣ್ಣದಿಂದ ಅಡಗಿಸಬೇಕು.

ಹತ್ತಿರ ಬಗ್ಗಿ ನೋಡಿ. ಉಳಿಯನ್ನು ಓರೆಯಾಗಿಟ್ಟು ಪುಟ್ಟ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟುತ್ತಾ ಹೋದಂತೆ ಅದರ ಮುಂದೆ ಲೋಹದ ಎಳೆ ಸುರುಳಿಯಾಗಿ ಏಳುತ್ತದೆ. ಅಲ್ಯೂಮಿನಿಯಂ ಮೆದು, ಅಷ್ಟೇ ಅಂಟು. ಉಳಿಯ ಮೂತಿಗೆ ಕಣ ಮೆತ್ತಿಕೊಂಡರೆ ಗೆರೆ ಹರಕಾಗುತ್ತದೆ. ಅದಕ್ಕೇ ಆಗಾಗ ಮೂತಿಯನ್ನು ಸೀಮೆಎಣ್ಣೆಯ ಬಟ್ಟೆಗೆ ಒತ್ತುತ್ತಾರೆ. ಎಲೆಯೊಂದರ ಬುಡದಲ್ಲಿ ಸುತ್ತಿಗೆ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ನಿಮಗೂ ತೋರಿಸುತ್ತಾರೆ: ಸಾಸಿವೆಗಿಂತ ಸಣ್ಣ ಕರಿ ತೂತು. ಎರಕ ಹೊಯ್ಯುವಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆ. ಹಾಗೇ ಬಿಟ್ಟರೆ ಪ್ಲೇಟಿಂಗಿನ ಆಸಿಡ್ಡು ಅದರೊಳಗೆ ಉಳಿದು, ತಿಂಗಳುಗಳ ನಂತರ ಕಲೆಯಾಗಿ ಹೊರಗೆ ಬರುತ್ತದೆ. ಅವರು ಮೂತಿ ಗುಂಡಗಿರುವ ಉಳಿ ತೆಗೆದು ತೂತನ್ನು ಬಟ್ಟಲಿನಾಕಾರಕ್ಕೆ ಅಗಲಿಸುತ್ತಾರೆ, ಸುತ್ತ ಐದು ದಳ ಬಿಡಿಸುತ್ತಾರೆ. ಪೆನ್ಸಿಲ್ ಗೆರೆಯಲ್ಲಿ ಇಲ್ಲದ ಹೂವೊಂದು ಬಳ್ಳಿಗೆ ಸೇರಿಕೊಳ್ಳುತ್ತದೆ. ಇಡೀ ಕವರಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ ಹೂವು.

"ಇನ್ನೂ ಸಣ್ಣ ಗೆರೆ ಬರಲ್ವಾ ಆಚಾರ್ರೇ? ಬೆಳ್ಳಿ ತಟ್ಟೇಲಿ ಇರುತ್ತಲ್ಲ, ಹಂಗೆ?"

"ಬರುತ್ತೆ ಮರಿ. ಆದ್ರೆ ನಿಕ್ಕಲ್ ತುಂಬ್ಕೊಂಡುಬಿಡುತ್ತೆ."

ಈ ಕಸುಬಿನ ಕಷ್ಟವೆಲ್ಲ ಈ ಮಾತಿನಲ್ಲಿದೆ. ಗೀರುಗಳನ್ನು ಮುಚ್ಚಿ ನುಣ್ಣಗಾಗಿಸಲೆಂದೇ ಹೊಳಪಿನ ನಿಕ್ಕಲ್ ದ್ರಾವಣಕ್ಕೆ ರಾಸಾಯನಿಕ ಬೆರೆಸಿರುತ್ತಾರೆ. ಕೂದಲೆಳೆಯ ಕೆತ್ತನೆಗೂ ಗೀರಿಗೂ ಅದು ಭೇದ ಮಾಡುವುದಿಲ್ಲ. ಹಾಗೆಂದು ಇಕ್ಕಟ್ಟಾಗಿ ಆಳಕ್ಕೆ ಕೊರೆದರೆ ಇನ್ನೊಂದು ತೊಂದರೆ. ವಿದ್ಯುತ್ತು ಅಂಚಿಗೂ ಉಬ್ಬಿಗೂ ಹೆಚ್ಚು ಹರಿಯುತ್ತದೆ, ಕಂದಕದ ತಳಕ್ಕೆ ಕ್ರೋಮು ಇಳಿಯುವುದೇ ಇಲ್ಲ, ಅಲ್ಲಿ ನಿಕ್ಕಲಿನ ಹಳದಿ ಉಳಿದುಬಿಡುತ್ತದೆ. ಗೆರೆ ಅಗಲವಾಗಿರಬೇಕು, ಇಳಿಜಾರು ಹರವಾಗಿರಬೇಕು.

ಎರಡನೆಯ ಸಲ ಪೀಣ್ಯಕ್ಕೆ ಹೋದಾಗ ನೀವು ಟ್ಯಾಂಕುಗಳ ಪಕ್ಕದಲ್ಲೇ ನಿಂತಿರಬೇಕು. ಅಲ್ಯೂಮಿನಿಯಂ ಗಾಳಿಗೆ ಬಂದ ಕೂಡಲೇ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುವುದರಿಂದ ಮೊದಲು ಜಿಂಕೇಟಿನಲ್ಲಿ ಅದ್ದಿ ಸತುವಿನ ತೆಳು ಪದರ ಕೂರಿಸುತ್ತಾರೆ. ಆಮೇಲೆ ತಾಮ್ರ. ತಾಮ್ರ ಏರಿದ ಕವರನ್ನು ಕೆಲಸಗಾರ ರೂಢಿಯಂತೆ ಬಫ್ ಚಕ್ರದತ್ತ ಒಯ್ಯುತ್ತಾನೆ.

"ಅಣ್ಣ, ಬಫ್ ಬೇಡ, ಅಂಚು ಹೋಗುತ್ತೆ!"

"ಬಫ್ ಹೊಡೀದೆ ಶೈನ್ ಹೆಂಗೆ ಬರುತ್ತೆ ಸಾರ್?"

ಕವರನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿ. ಬಳ್ಳಿಯ ನಡುವಿನ ಬಯಲಿನಲ್ಲಿ ಟ್ಯೂಬಿನ ಬಿಂಬ ನೆಟ್ಟಗಿದೆ, ಎಲ್ಲೂ ಅಲುಗಿಲ್ಲ. ಅವನು ತಲೆಯಾಡಿಸಿ ನಿಕ್ಕಲಿನ ಹಸಿರು ನೀರಿಗೆ ಇಳಿಬಿಡುತ್ತಾನೆ.

ಕೊನೆಯದು ಕಡುಗೆಂಪು ತೊಟ್ಟಿ. ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್. ಕೆಲವೇ ನಿಮಿಷದ ಕೆಲಸ. ಗುಳ್ಳೆಗಳು ಒಡೆದು ಮಂಜೇಳುತ್ತದೆ. ಬದಿಯ ಸಕ್ಷನ್ ಅದನ್ನು ಎಳೆದುಕೊಳ್ಳುತ್ತದೆ. ಈ ಮಂಜಿನಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ನಡುಗೋಡೆಯನ್ನೇ ತೂತು ಮಾಡುತ್ತದೆ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಸಕ್ಷನ್ನೂ ಇಲ್ಲದೆ, ತೊಳೆದ ನೀರನ್ನು ಮೋರಿಗೆ ಬಿಟ್ಟು ಅಗ್ಗಕ್ಕೆ ಮಾಡಿಕೊಡುವವರೂ ಸಿಗುತ್ತಾರೆ. ಅವರಲ್ಲಿಗೆ ಹೋಗಬೇಡಿ. ನಮ್ಮ ಗಾಡಿಯ ಅಲಂಕಾರಕ್ಕಾಗಿ ಇನ್ನೊಬ್ಬರ ಉಸಿರು ಕೆಡಬಾರದು. ಟ್ರೈವೇಲೆಂಟ್ ಕ್ರೋಮ್ ಮಾಡುವವರು ಸಿಕ್ಕರೆ ಬಣ್ಣ ತುಸು ಕಪ್ಪೆನಿಸಿದರೂ ಅದನ್ನೇ ಮಾಡಿಸಿ.

ತೊಳೆದು ಒರೆಸಿದ ಕವರನ್ನು ಗಾಡಿಗೆ ಹಾಕುವ ಮೊದಲು ಆಚಾರ್ರಿಗೆ ತೋರಿಸುತ್ತೀರಿ. ಅವರು ಅದನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಾರೆ. ಒಂದು ಕೋನದಲ್ಲಿ ಬಳ್ಳಿ ಮಾಯವಾಗಿ ಬರೀ ಹೊಳಪು, ಇನ್ನೊಂದರಲ್ಲಿ ಪ್ರತಿ ಇಳಿಜಾರೂ ಬೆಳಕನ್ನು ಬೇರೆ ಬೇರೆ ದಿಕ್ಕಿಗೆ ಎಸೆದು ಎಲೆ ಎಲೆಯೂ ಎದ್ದು ಕಾಣುತ್ತದೆ.

"ಗೆರೆಗೆ ಕಪ್ಪು ಬಣ್ಣ ತುಂಬಿಸ್ಲಾ? ದೂರಕ್ಕೂ ಕಾಣುತ್ತೆ."

"ಬೇಡಪ್ಪಾ. ಕಪ್ಪು ತುಂಬಿದ್ರೆ ಅದು ಚಿತ್ರ ಆಗೋಗುತ್ತೆ, ನೆರಳು ಆಡಲ್ಲ."

ಭೂತಗನ್ನಡಿ ಹಿಡಿದು ಅವರು ಎರಡು ಕಾಂಡ ಕೂಡುವ ಸಂದನ್ನು ಹುಡುಕಿ ತೆಗೆಯುತ್ತಾರೆ. ಅಲ್ಲೊಂದು ಹಳದಿ ಎಳೆ. ಉಳಿ ತುಸು ಹೆಚ್ಚು ಇಳಿದಿದೆ, ಕ್ರೋಮು ಮುಟ್ಟಿಲ್ಲ. ಉಗುರಿನಿಂದ ಆ ಜಾಗವನ್ನು ಸವರಿ, ಕವರನ್ನು ಬಟ್ಟೆಯಲ್ಲಿ ಸುತ್ತಿ ಕೊಡುತ್ತಾ ಕೇಳುತ್ತಾರೆ:

"ಬಲಗಡೆ ಟೈಮಿಂಗ್ ಕವರ್ ಯಾವಾಗ ತರ್ತೀಯಾ? ಕ್ರೋಮ್ ತೆಗೆಸ್ಕೊಂಡೇ ಬಾ."