ಸರಕಾರ ಮೊದಲು ಓದಿದ ಲಾವಣಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಸೀಮೆಗೆ ಪುಸ್ತಕ ಬಂದದ್ದು ಕಿವಿಯ ಮೂಲಕ. ಅಕ್ಷರ ಬಲ್ಲ ಒಬ್ಬರು ಓದಿದರೆ ಕಟ್ಟೆಯ ಮೇಲೆ ಹತ್ತು ಮಂದಿ ಕೇಳುತ್ತಿದ್ದರು. ನಮ್ಮ ಮನೆಗಳಲ್ಲೂ ಹಾಗೆಯೇ. ಉರ್ದು ಕಲಿತವರು ಓದುವುದು, ಅಜ್ಜಿಯಂದಿರು ಎಲೆ-ಅಡಿಕೆ ಮೆಲ್ಲುತ್ತ ಕೇಳುವುದು. ಹೀಗಾಗಿ ಇಲ್ಲಿಯ ಓದಿನ ಚರಿತ್ರೆಯನ್ನು ಅಚ್ಚುಕೂಟದಿಂದ ಆರಂಭಿಸುವುದು ನಮಗೆ ಒಗ್ಗುವುದಿಲ್ಲ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಇದನ್ನೆಲ್ಲ ಬರೆಯಲು ಕನ್ನಡದಲ್ಲಿ ಒಂದು ಪತ್ರಿಕೆಯೂ ಇರಲಿಲ್ಲ. 'ಮಂಗಳೂರ ಸಮಾಚಾರ' ಹುಟ್ಟಿದ್ದು 1843ರಲ್ಲಿ, ಅದೂ ದೂರದ ಮಂಗಳೂರಿನಲ್ಲಿ, ಪಾದ್ರಿ ಮೋಗ್ಲಿಂಗರ ಕೈಯಲ್ಲಿ. ರಾಯಣ್ಣನ ಸುದ್ದಿಯನ್ನು ಊರೂರಿಗೆ ಹೊತ್ತವರು ಲಾವಣಿ ಹಾಡುವವರು.

ಆ ಲಾವಣಿ ಅಚ್ಚಾದ ಬಗೆಯಾದರೂ ಎಂಥದು! ಅದನ್ನು ಬರೆದಿಟ್ಟವರು ಮುಂಬಯಿ ಸಿವಿಲ್ ಸರ್ವಿಸಿನ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್. ಸವದತ್ತಿಯ ರಟ್ಟರ ಶಾಸನಗಳನ್ನು ಓದಿದವರೂ ಅವರೇ. ರಾಯಣ್ಣನ ದಂಗೆ, ಹಲಗಲಿಯ ಬೇಡರು, ಆದಾಯ ತೆರಿಗೆ, ಬೈಲಹೊಂಗಲದ ಕಡೆಯದೆಂದು ಜನ ಹೇಳುವ ಸಂಗ್ಯಾನ ಕಥೆ, ಇವುಗಳ ಹಾಡುಗಳು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾದವು. ರಾಯಣ್ಣನನ್ನು ಗಲ್ಲಿಗೇರಿಸಿದ ಆಡಳಿತದ ಅಧಿಕಾರಿಯೇ ಅವನ ಹಾಡನ್ನು ಉಳಿಸಿಕೊಟ್ಟ. ಋಣ ಇಲ್ಲವೆನ್ನಲಾಗದು. ಆದರೆ ಆ ಪುಟಗಳನ್ನು ಓದಿದವರು ಸಾಹೇಬರು, ಪಂಡಿತರು. ಹಾಡಿದವನ ಕೈಗೆ ಅವು ಬಂದಿರಲಾರವು.

ಕಾನೂನೂ ಹಾಗೆಯೇ ಇತ್ತು. 1867ರ ಕಾಯಿದೆಯಂತೆ ಅಚ್ಚಾದ ಪ್ರತಿ ಪುಸ್ತಕದ ಪ್ರತಿಗಳು ಸರಕಾರಕ್ಕೆ ಹೋಗಬೇಕಿತ್ತು. 1878ರಲ್ಲಿ ದೇಶಭಾಷೆಯ ಪತ್ರಿಕೆಗಳಿಗೇ ಬೇರೆ ಕಾಯಿದೆ ಬಂತು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸಲಿಲ್ಲ. ಎಲ್ಲರಿಗಿಂತ ಶ್ರದ್ಧೆಯಿಂದ ನಮ್ಮನ್ನು ಓದಿದವನು ಸರಕಾರವೇ ಇರಬೇಕು!

ರಾಮದುರ್ಗದ್ದು ಇನ್ನೊಂದು ಪರಿ. 1948ರವರೆಗೆ ಅದು ಸಂಸ್ಥಾನ. ದೊರೆಗಳ ಮನೆಮಾತು ಮರಾಠಿ, ಪ್ರಜೆಗಳದು ಕನ್ನಡ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಏಕೆ ಹುಟ್ಟಬೇಕಾಯಿತೆಂಬುದು ಇಂಥ ಊರುಗಳಲ್ಲಿ ನಿಂತರೆ ತಿಳಿಯುತ್ತದೆ.

ಆದರೆ ನಮ್ಮನ್ನು ಕಾಡುವುದು ಬೇರೆ ಹಾಡುಗಳು. ಮೊಹರಮ್ಮಿನಲ್ಲಿ ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ ಪದಗಳು. ಕರ್ಬಲಾದ ಕಥೆ ಅಚ್ಚಗನ್ನಡದಲ್ಲಿ. ಹಾಡುವವರಲ್ಲಿ ಮುಸ್ಲಿಮರೂ ಉಂಟು, ಲಿಂಗಾಯತರೂ ಕುರುಬರೂ ಉಂಟು. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರು ಸ್ವತಃ ಶಾಲಾ ಮಾಸ್ತರರಾಗಿದ್ದರೂ ಅವರ ಪದಗಳು ಬಾಯಿಂದ ಬಾಯಿಗೇ ದಾಟಿ ಬಂದವು. ರಿವಾಯತಗಳಲ್ಲಿ ಕೆಲವನ್ನು ಜಾನಪದ ವಿದ್ವಾಂಸರು ಆಮೇಲೆ ಸಂಗ್ರಹಿಸಿದ್ದಾರೆ. ಉಳಿದವು ಹಾಡುವವರ ಮನೆಯ ಟ್ರಂಕಿನಲ್ಲಿ, ಮಕ್ಕಳ ಶಾಲೆಯ ಹಳೆಯ ನೋಟುಬುಕ್ಕುಗಳಲ್ಲಿವೆ. ಅಂಚು ಹರಿದು, ಅಲ್ಲಲ್ಲಿ ಎಣ್ಣೆ ಬಿದ್ದು, ಒತ್ತಕ್ಷರ ತಪ್ಪಿ. ವರ್ಷಕ್ಕೆ ಹತ್ತು ದಿನ ಹೊರಗೆ ಬರುತ್ತವೆ.