ಮೊದಲು ಬೋಂಜೂರ್, ಆಮೇಲೆ ಬ್ರೆಡ್ಡು

ಫ್ರಾನ್ಸ್‌ನ ಲಿಯೋನ್ ನಗರಕ್ಕೆ ಹೋಗಿ ಇಳಿದ ಮರುದಿನ ಬೆಳಿಗ್ಗೆಯೇ ನಾವು ಬೈಸಿಕೊಂಡೆವು. ಬೈದವರು ಒಂದು ಬೇಕರಿಯ ಆಂಟಿ. ಬೈದದ್ದು ಒಂದೇ ಒಂದು ಪದದಲ್ಲಿ. ಆ ಪದ ‘ಬೋಂಜೂರ್’.

ನಾವು ಅಂದರೆ ನಾಲ್ಕು ಜನ, ಎಲ್ಲರೂ ಸೆಕೆಂಡ್ ಇಯರ್. ಅಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎರಡು ವಾರದ ವರ್ಕ್‌ಶಾಪ್ ಇತ್ತು. ಹಸಿದಿದ್ದೆವು. ಬೇಕರಿಗೆ ನುಗ್ಗಿ, ಗಾಜಿನ ಕಡೆ ಬೆರಳು ತೋರಿಸಿ ‘ಫೋರ್ ಕ್ರೊಸಾಂಟ್ಸ್ ಪ್ಲೀಸ್’ ಅಂದೆವು. ಆಕೆ ಕದಲಲಿಲ್ಲ. ನಮ್ಮನ್ನೇ ನೋಡಿ ‘ಬೋಂಜೂರ್’ ಅಂದರು. ನಾವು ‘ಯೆಸ್, ಫೋರ್’ ಅಂದೆವು. ಆಕೆ ಇನ್ನೂ ಸ್ವಲ್ಪ ಗಟ್ಟಿಯಾಗಿ ‘ಬೋಂಜೂರ್’ ಅಂದರು. ಕೊನೆಗೆ ಕ್ರೊಸಾಂಟ್ ಏನೋ ಸಿಕ್ಕಿತು, ಆದರೆ ಆ ಮುಖ ನೋಡಿ ಗಂಟಲಲ್ಲಿ ಇಳಿಯಲಿಲ್ಲ. ಫುಟ್‌ಪಾತ್ ಮೇಲೆ ನಿಂತು ನಾವೇ ತೀರ್ಪು ಕೊಟ್ಟುಬಿಟ್ಟೆವು: ‘ಇವ್ರಿಗೆ ನಮ್ಮನ್ನ ಕಂಡ್ರೆ ಆಗಲ್ಲ ಕಣ್ರೋ.’

ಮಧ್ಯಾಹ್ನ ಲ್ಯಾಬ್‌ನಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಗೆ ಈ ಕಥೆ ಹೇಳಿದೆವು. ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಒಳಗೆ ಹೋದಾಗ ಬೋಂಜೂರ್ ಹೇಳಿದ್ರಾ?’ ‘ಪ್ಲೀಸ್ ಹೇಳಿದ್ವಲ್ಲ?’ ಅಂದೆವು. ‘ಪ್ಲೀಸ್ ಆಮೇಲಿನದು’ ಅಂದರು. ಅಲ್ಲಿ ಬೋಂಜೂರ್ ಹೇಳದೆ ಕೆಲಸ ಹೇಳಿದರೆ, ಎದುರಿಗಿರುವವರನ್ನು ಮನುಷ್ಯರೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅಂತ ಅರ್ಥವಂತೆ. ನಾವು ಆಕೆಯನ್ನು ವೆಂಡಿಂಗ್ ಮಷೀನ್ ಥರ ಮಾತಾಡಿಸಿದ್ದೆವು. ನಮ್ಮಲ್ಲೊಬ್ಬನಿಗೆ ತಕ್ಷಣ ನೆಟ್‌ವರ್ಕ್ಸ್ ಪಾಠ ನೆನಪಾಯಿತು: ‘ಟಿಸಿಪಿ ಹ್ಯಾಂಡ್‌ಶೇಕ್ ಕಣ್ರೋ! ಸಿನ್ ಕಳಿಸ್ದೇ ಡೇಟಾ ಕಳಿಸಿದ್ವಿ. ಡ್ರಾಪ್ ಆಯ್ತು.’

ಹಾಗಾಗಿ ಮುಂದೆ ಫ್ರೆಂಚ್ ಮಾತಾಡುವ ಊರಿಗೆ ಹೋಗುವವರಿಗೆ ನಮ್ಮ ಮೊದಲ ಸಲಹೆ ಇದೇ. ಅಂಗಡಿ, ಬಸ್ಸು, ಲಿಫ್ಟು, ಡಾಕ್ಟರ ವೇಟಿಂಗ್ ರೂಮು, ಎಲ್ಲಿಗೆ ಕಾಲಿಟ್ಟರೂ ಮೊದಲು ‘ಬೋಂಜೂರ್’. ಸಂಜೆಯಾದ ಮೇಲೆ ‘ಬೋನ್‌ಸ್ವಾರ್’. ಜೊತೆಗೆ ‘ಮದಾಮ್’ ಅಥವಾ ‘ಮಿಸ್ಯೂ’ ಸೇರಿಸಿದರೆ ಇನ್ನೂ ಒಳ್ಳೆಯದು. ಹೊರಡುವಾಗ ‘ಮೆರ್ಸಿ, ಓ ರೆವ್ವಾರ್’. ಅವರು ‘ಬೋನ್ ಜೂರ್ನೇ’ ಅಂದರೆ ‘ನಿಮ್ಮ ದಿನ ಚೆನ್ನಾಗಿರಲಿ’ ಅಂತ, ನೀವೂ ಅದನ್ನೇ ತಿರುಗಿ ಹೇಳಿ. ಇಂಗ್ಲಿಷ್ ಬೇಕಾದರೆ ನೇರ ಇಂಗ್ಲಿಷ್‌ನಲ್ಲೇ ಶುರು ಮಾಡಬೇಡಿ. ‘ಬೋಂಜೂರ್, ಪಾರ್ಲೆ ವೂ ಆಂಗ್ಲೆ?’ (ನಮಸ್ಕಾರ, ನಿಮಗೆ ಇಂಗ್ಲಿಷ್ ಬರುತ್ತಾ?) ಅಂತ ಕೇಳಿ. ನಮ್ಮ ಉಚ್ಚಾರಣೆ ಎಷ್ಟೇ ಕೆಟ್ಟದಾಗಿದ್ದರೂ ಹೆಚ್ಚಿನವರು ನಕ್ಕು ಇಂಗ್ಲಿಷ್‌ಗೆ ಇಳಿಯುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾವು ಹುಟ್ಟಿನಿಂದಲೇ ಪಾಸು. ಫ್ರೆಂಚ್‌ನಲ್ಲಿ ‘ತ್ಯು’ ಅಂದರೆ ನೀನು, ‘ವೂ’ ಅಂದರೆ ನೀವು. ಇಂಗ್ಲಿಷ್ ಒಂದೇ ಗೊತ್ತಿರುವವರು ಇಲ್ಲಿ ಒದ್ದಾಡುತ್ತಾರೆ, ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಂಗಡಿಯವರು, ಮೇಷ್ಟ್ರು, ದೊಡ್ಡವರು, ಅಪರಿಚಿತರು ಎಲ್ಲರಿಗೂ ‘ವೂ’. ಆದರೆ ಸ್ಟೂಡೆಂಟ್ಸ್ ಮಾತ್ರ ಮೊದಲ ದಿನದಿಂದಲೇ ಒಬ್ಬರಿಗೊಬ್ಬರು ‘ತ್ಯು’. ನಾವು ನಮ್ಮದೇ ವಯಸ್ಸಿನ ಹುಡುಗನಿಗೆ ‘ವೂ’ ಅಂದಾಗ ಅವನು ಹಿಂದೆ ತಿರುಗಿ, ಯಾರಾದರೂ ಪ್ರೊಫೆಸರ್ ಬಂದರಾ ಅಂತ ನೋಡುವ ನಾಟಕ ಮಾಡಿದ. ನಾವು ದೇವರಿಗೂ ಅಮ್ಮನಿಗೂ ಏಕವಚನ ಹಾಕುವ ಹಾಗೆ ಅವರೂ ಪ್ರಾರ್ಥನೆಯಲ್ಲಿ ದೇವರಿಗೆ ‘ತ್ಯು’ ಅನ್ನುತ್ತಾರೆ.

ಇನ್ನು ಊಟ. ಹೋಟೆಲ್‌ನಲ್ಲಿ ‘ಮೆನ್ಯು’ ಅಂದರೆ ನಿಗದಿತ ಊಟ, ನಮ್ಮ ಪ್ಲೇಟ್ ಮೀಲ್ಸ್ ಥರ. ತಿಂಡಿಗಳ ಪಟ್ಟಿ ಬೇಕಿದ್ದರೆ ‘ಕಾರ್ತ್’ ಕೇಳಬೇಕು. ‘ಆಂತ್ರೇ’ ಅಂದರೆ ಊಟದ ಮೊದಲು ತಿನ್ನುವ ಸ್ಟಾರ್ಟರ್, ಅದನ್ನೇ ಊಟ ಅಂದುಕೊಂಡು ಕೂರಬೇಡಿ. ನೀರು ಕೇಳಿದರೆ ದುಡ್ಡಿನ ಬಾಟಲಿ ಬರಬಹುದು. ‘ಯೂನ್ ಕಾರಾಫ್ ದೋ’ ಅಂದರೆ ಜಗ್‌ನಲ್ಲಿ ನಲ್ಲಿ ನೀರು ಪುಕ್ಕಟೆ ಕೊಡುತ್ತಾರೆ, ಅದನ್ನೇ ಕುಡಿಯಬಹುದು. ಬಿಲ್ ನಾವು ಕೇಳುವವರೆಗೂ ತರುವುದಿಲ್ಲ. ತಂದರೆ ‘ಎದ್ದು ಹೋಗಿ’ ಅಂದ ಹಾಗಾಗುತ್ತದಂತೆ. ಇದು ಗೊತ್ತಿಲ್ಲದೆ ಮೊದಲ ದಿನ ಖಾಲಿ ತಟ್ಟೆ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆವು. ‘ಲಾದಿಸ್ಯೋಂ, ಸಿಲ್ ವೂ ಪ್ಲೇ’ ಅಂದರೆ ಬಿಲ್ ಬರುತ್ತದೆ. ಸರ್ವಿಸ್ ಅದರಲ್ಲೇ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕು ಅಂತಿಲ್ಲ.

ವೆಜ್ ತಿನ್ನುವವರು ಲಿಯೋನ್‌ನಲ್ಲಿ ಹುಷಾರು. ‘ಬುಶೋಂ’ ಅನ್ನುವ ಅಲ್ಲಿನ ಹಳೇ ಶೈಲಿಯ ಹೋಟೆಲ್‌ಗಳು ಮಾಂಸಕ್ಕೇ ಹೆಸರುವಾಸಿ. ‘ಸಲಾದ್ ಲಿಯೋನೇಜ್’ ಅಂತ ಹೆಸರು ನೋಡಿ, ಸಲಾಡ್ ಅಂದರೆ ಸೊಪ್ಪು ತಾನೇ ಅಂತ ಆರ್ಡರ್ ಮಾಡಿದೆವು. ಸೊಪ್ಪಿನ ಮೇಲೆ ಹಂದಿ ಮಾಂಸದ ಚೂರು, ಅದರ ಮೇಲೊಂದು ಮೊಟ್ಟೆ ಬಂತು. ಬರೀ ‘ವೆಜಿಟೇರಿಯನ್’ ಅಂದರೆ ಸಾಲದು. ‘ಸಾಂ ವ್ಯಾಂದ್, ಸಾಂ ಪ್ವಾಸೋಂ’ ಅನ್ನಿ: ಮಾಂಸ ಬೇಡ, ಮೀನು ಬೇಡ. ಯಾರದಾದರೂ ಮನೆಗೆ ಊಟಕ್ಕೆ ಹೋದರೆ ಇನ್ನೊಂದು ಗುಂಡಿ ಇದೆ. ‘ಇನ್ನೂ ಸ್ವಲ್ಪ ಹಾಕಲಾ?’ ಅಂತ ಕೇಳಿದಾಗ ಬರೀ ‘ಮೆರ್ಸಿ’ ಅಂದರೆ ‘ಬೇಡ, ಸಾಕು’ ಅಂತ ಅರ್ಥವಾಗಬಹುದು. ನಾವು ಖುಷಿಯಿಂದ ಮೆರ್ಸಿ ಅಂದೆವು, ಪಾತ್ರೆ ವಾಪಸ್ ಅಡುಗೆಮನೆಗೆ ಹೋಯಿತು. ಬೇಕಿದ್ದರೆ ‘ವಿ, ಸಿಲ್ ವೂ ಪ್ಲೇ’ ಅನ್ನಿ. ನಮ್ಮ ಕಡೆ ಥರ ಬೇಡ ಅಂದ ಮೇಲೂ ಬಡಿಸುತ್ತಾರೆ ಅಂತ ಕಾಯಬೇಡಿ.

ಲೆಕ್ಕದಲ್ಲಿ ನಾವು ಜಾಣರು ಅಂದುಕೊಂಡಿದ್ದೆವು. ಫ್ರಾನ್ಸ್‌ನಲ್ಲಿ 70 ಅಂದರೆ ‘ಅರವತ್ತು-ಹತ್ತು’, 80 ಅಂದರೆ ‘ನಾಲ್ಕು ಇಪ್ಪತ್ತು’, 97 ಅಂದರೆ ‘ನಾಲ್ಕು ಇಪ್ಪತ್ತು ಹತ್ತು ಏಳು’. ರೇಟು ಕೇಳಿ ಕೂಡಿಸಿ ಗುಣಿಸುವ ಬದಲು ಮಷೀನ್‌ನ ಡಿಸ್‌ಪ್ಲೇ ನೋಡಿ. ಅಲ್ಲೂ 2,50 ಅಂತ ಇದ್ದರೆ ಎರಡೂವರೆ ಯೂರೋ, ಪಾಯಿಂಟ್ ಜಾಗದಲ್ಲಿ ಕಾಮಾ. ಲ್ಯಾಬ್‌ನ ಕೀಬೋರ್ಡ್ ಕೂಡ ಬೇರೆ. ನಮ್ಮ ‘ಕ್ಯೂ’ ಇರುವ ಜಾಗದಲ್ಲಿ ‘ಎ’, ಅಂಕಿ ಒತ್ತಲು ಶಿಫ್ಟ್ ಹಿಡಿಯಬೇಕು. ಪಾಸ್‌ವರ್ಡ್ ಮೂರು ಸಲ ತಪ್ಪಾದರೆ ಮರೆವು ಅಂತ ಹೆದರಬೇಡಿ, ಕೀಬೋರ್ಡ್ ನೋಡಿ.

ಟ್ರಾಮ್, ಮೆಟ್ರೋದಲ್ಲಿ ದನಿ ತಗ್ಗಿಸಿ. ನಾವು ನಾಲ್ವರು ಹರಟುತ್ತಿದ್ದದ್ದು ಇಡೀ ಬೋಗಿಗೆ ಕೇಳುತ್ತಿತ್ತು ಅಂತ ನಮಗೆ ಗೊತ್ತಾದದ್ದು, ಎದುರಿನ ಅಜ್ಜಿ ಪುಸ್ತಕ ಮುಚ್ಚಿಟ್ಟು ನಮ್ಮನ್ನೇ ನೋಡಿದಾಗ. ಹಳೇ ಲಿಯೋನ್‌ನಲ್ಲಿ ‘ತ್ರಾಬೂಲ್’ಗಳಿವೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕಟ್ಟಡಗಳ ಒಳಗೇ ಹಾದುಹೋಗುವ ಓಣಿಗಳು. ನೋಡಲು ಯಾರು ಬೇಕಾದರೂ ಬರುತ್ತಾರೆ, ಆದರೆ ಮೇಲೆ ಜನ ಸಂಸಾರ ಮಾಡಿಕೊಂಡಿದ್ದಾರೆ. ರೀಲ್ಸ್‌ಗಾಗಿ ಅಲ್ಲಿ ಕಿರುಚಬೇಡಿ.

ಆರನೇ ದಿನ ರಾತ್ರಿ ನಮ್ಮಲ್ಲೊಬ್ಬಳಿಗೆ ಜ್ವರ ಬಂತು. ಬೆಳಿಗ್ಗೆ ಮೈಮೇಲೆಲ್ಲ ದದ್ದು. ಮನೆಯವರಿಗೆ ಫೋನ್ ಮಾಡಿದರೆ ಗಾಬರಿಯಾಗುತ್ತಾರೆ ಅಂತ ಮಾಡಲಿಲ್ಲ, ನಾವೇ ಗಾಬರಿಯಾಗಿದ್ದೆವು. ಹಸಿರು ಪ್ಲಸ್ ಹೊಳೆಯುತ್ತಿದ್ದರೆ ಅದು ಮೆಡಿಕಲ್ ಶಾಪ್. ಒಳಗೆ ಹೋದೆವು. ನಮ್ಮೂರಲ್ಲಾದರೆ ಕೌಂಟರ್ ಮೇಲೆ ಬಿದ್ದು ‘ಅರ್ಜೆಂಟ್’ ಅನ್ನುತ್ತಿದ್ದೆವು. ಇಲ್ಲಿ ಮುಂದಿದ್ದವರ ಕಾಯಿಲೆ ನಮ್ಮ ಕಿವಿಗೆ ಬೀಳದಷ್ಟು ದೂರದಲ್ಲಿ ಸಾಲು ನಿಂತೆವು. ನಮ್ಮ ಸರದಿ ಬಂದಾಗ, ಕೈ ನಡುಗುತ್ತಿದ್ದರೂ, ‘ಬೋಂಜೂರ್ ಮದಾಮ್’ ಅಂದೆವು. ‘ಬೋಂಜೂರ್’ ಅಂದರು. ಆಮೇಲೆ ಹರಕು ಫ್ರೆಂಚು, ಹರಕು ಇಂಗ್ಲಿಷು, ಕೈಸನ್ನೆ. ಆಕೆ ಕೌಂಟರ್ ದಾಟಿ ಈಚೆ ಬಂದರು, ಅವಳನ್ನು ಕೂರಿಸಿದರು, ಏನು ತಿಂದಿದ್ದಳು ಅಂತ ಒಂದೊಂದಾಗಿ ಕೇಳಿದರು, ಹತ್ತಿರದ ಡಾಕ್ಟರಿಗೆ ತಾವೇ ಫೋನ್ ಮಾಡಿ ಟೈಮ್ ತೆಗೆದುಕೊಟ್ಟರು. ಎರಡು ದಿನದಲ್ಲಿ ಹುಷಾರಾದಳು.

ಬೇಕರಿಯಲ್ಲಿ ಬೈಸಿಕೊಂಡಾಗಲೂ ನಮಗೆ ಬರುತ್ತಿದ್ದ ಫ್ರೆಂಚ್ ಹೆಚ್ಚುಕಡಿಮೆ ಇಷ್ಟೇ. ಬದಲಾದದ್ದು ಶುರುಮಾಡುವ ರೀತಿ.

ಆಮೇಲೆ ನಮಗೆ ಹೊಳೆದದ್ದು ಸ್ವಲ್ಪ ಚುಚ್ಚಿತು. ಎರಡು ವಾರ ತಪ್ಪುತಪ್ಪು ಫ್ರೆಂಚ್ ಮಾತಾಡಲು ನಮಗೆ ನಾಚಿಕೆಯೇ ಆಗಲಿಲ್ಲ. ಆದರೆ ಇಲ್ಲಿ, ನಮ್ಮದೇ ಊರಲ್ಲಿ, ಕನ್ನಡ ಎಲ್ಲಿ ತಪ್ಪುತ್ತದೋ, ಯಾರು ನಗುತ್ತಾರೋ ಅಂತ ಇಂಗ್ಲಿಷ್ ಹಿಂದೆ ಬಚ್ಚಿಟ್ಟುಕೊಳ್ಳುತ್ತೇವೆ. ಕನ್ನಡ ಮಾತಾಡಿದರೆ 10 ರೂಪಾಯಿ ಫೈನ್ ಹಾಕುವ ಶಾಲೆಗಳಲ್ಲಿ ಓದಿದವರು ನಾವು. ಅದು ನಿಜ. ಆದರೆ ಈಗ ಫೈನ್ ಹಾಕುವವರು ಯಾರೂ ಇಲ್ಲ. ಅಜ್ಜಿಯ ಊರಲ್ಲಿ ಯಾರೂ ನೇರ ಕೆಲಸದ ಮಾತಿಗೆ ಇಳಿಯುವುದಿಲ್ಲ. ಮೊದಲು ‘ಚೆನ್ನಾಗಿದ್ದೀರಾ, ಊಟ ಆಯ್ತಾ?’, ಆಮೇಲೆ ಉಳಿದದ್ದು. ಬೋಂಜೂರ್ ನಮ್ಮ ಮನೆಯಲ್ಲೇ ಇತ್ತು, ಬಳಸುವುದನ್ನು ಬಿಟ್ಟಿದ್ದೆವು.

ವಾಪಸ್ ಬಂದ ದಿನ ಸಂಜೆ ಕಾಲೇಜ್ ಗೇಟ್ ಎದುರಿನ ಅಯ್ಯಂಗಾರ್ ಬೇಕರಿಗೆ ಹೋದೆವು. ಒಂದೂವರೆ ವರ್ಷದಿಂದ ಅಲ್ಲಿ ಗಾಜಿನ ಮೇಲೆ ಬೆರಳಿಟ್ಟು ‘ಫೋರ್ ಖಾರಾ ಬನ್’ ಅಂದವರು ನಾವು. ಅವತ್ತು ಸ್ವಲ್ಪ ತಡವರಿಸಿ ‘ನಮಸ್ಕಾರ ಅಣ್ಣ, ಊಟ ಆಯ್ತಾ?’ ಅಂದೆವು.

ಅಣ್ಣ ತಲೆ ಎತ್ತಿ ನೋಡಿದರು. ‘ಆಯ್ತಪ್ಪ, ನಿಮ್ದು? ಎಲ್ಲಿಗ್ ಹೋಗಿದ್ರಿ, ಎರಡು ವಾರ ನಾಲ್ಕೂ ಜನ ಕಾಣ್ಲೇ ಇಲ್ಲ?’

ನಾವು ಇಲ್ಲದ್ದನ್ನು ಅವರು ಲೆಕ್ಕ ಇಟ್ಟಿದ್ದರು. ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಅವತ್ತೇ ಕೇಳಿದೆವು.