ಮೂರು ಕಿಲೋಮೀಟರಿನ ಲೆಕ್ಕ

ಕೆಜಿಎಫ್ ಕಡೆಯವನು ಅಂದ ಕೂಡಲೇ ಆಫೀಸಿನಲ್ಲಿ ಯಾರಾದರೊಬ್ಬರು ಯಶ್ ಡೈಲಾಗ್ ಹೊಡೀತಾರೆ. ನಾನೂ ನಗ್ತೀನಿ. ನನಗೆ ನೆನಪಾಗೋದು ಮಾತ್ರ ಮೈಸೂರು ಮೈನ್ಸ್ ಹತ್ತಿರದ ನಮ್ಮ ಪ್ರೈಮರಿ ಸ್ಕೂಲು, ಅಲ್ಲಿನ ಲೆಕ್ಕದ ಮೇಷ್ಟ್ರು.

ಹಳ್ಳಿಯಿಂದ ನಡೆದು ಬರ್ತಿದ್ದ ನಮ್ಮ ಮನೆಮಾತು ತೆಲುಗು, ಗಣಿ ಲೈನ್‌ಮನೆಗಳ ಹುಡುಗರದ್ದು ತಮಿಳು, ಪುಸ್ತಕದ್ದು ಕನ್ನಡ. ಜಗಳ ತಮಿಳಲ್ಲಿ, ರಾಜಿ ತೆಲುಗಲ್ಲಿ, ಮಗ್ಗಿ ಕನ್ನಡದಲ್ಲಿ. ಮೇಷ್ಟ್ರು ಭಾಷೆಗೆ ಯಾರನ್ನೂ ಬೈದವರಲ್ಲ. ಲೆಕ್ಕ ತಪ್ಪಿದರೆ ಮಾತ್ರ ಕಿವಿ ಹಿಂಡೋರು, ಮೂರೂ ಭಾಷೆಗೆ ಒಂದೇ ಹಿಡಿತ.

ಕಿಲೋಮೀಟರ್ ಪಾಠದ ದಿನ ನನ್ನನ್ನ ಎಬ್ಬಿಸಿ, "ನಿಮ್ಮೂರಿಂದ ಇಲ್ಲಿಗೆ ಎಷ್ಟೋ?" ಅಂದರು. ಮೂರು ಅಂದೆ. "ಆ ದಾರೀನ ನೆಟ್ಟಗೆ ಭೂಮಿಯೊಳಗೆ ಇಳಿಸು. ಚಾಂಪಿಯನ್ ರೀಫ್ ಗಣಿ ಅದಕ್ಕಿಂತ ಆಳ" ಅಂದರು. ಅವತ್ತು ಸಂಜೆ ಮನೆ ತನಕ ಕಾಲ ಕೆಳಗಿನ ಮಣ್ಣನ್ನೇ ನೋಡ್ಕೊಂಡು ನಡೆದೆ.

ಒಮ್ಮೊಮ್ಮೆ ನೆಲ ನಡುಗೋದು. ಆಳದ ಬಂಡೆ ಒತ್ತಡ ತಡೆಯದೆ ಸಿಡಿದರೆ ಮೇಲೆ ನಮ್ಮ ಹೆಂಚೂ ಅದುರೋದು. ರಾಕ್ ಬರ್ಸ್ಟ್ ಅನ್ನೋ ಪದ ನಮಗೆ ಮಗ್ಗಿಗಿಂತ ಮೊದಲೇ ಗೊತ್ತಿತ್ತು. ಹಳ್ಳಿ ಹುಡುಗರು ನಾವು ಹೋ ಅಂತ ಕಿರುಚೋರು; ಲೈನ್ ಹುಡುಗರು ಸುಮ್ಮನೆ ಬಾಗಿಲ ಕಡೆ ನೋಡೋರು. ಮೇಷ್ಟ್ರು ಪಾಠ ನಿಲ್ಲಿಸಿ, ಅಪ್ಪ ಶಿಫ್ಟ್‌ನಲ್ಲಿದ್ದವರನ್ನ ವರಾಂಡಕ್ಕೆ ಕರೆದುಕೊಂಡು ಹೋಗಿ, ಯಾರಾದರೂ ಸುದ್ದಿ ತರೋ ತನಕ ಜೊತೆಗೇ ನಿಂತಿರೋರು. ಟೀಚಿಂಗ್ ಅಂದರೆ ನನಗೆ ಈಗಲೂ ಆ ವರಾಂಡವೇ.

ಬೆಂಗಳೂರಿಗಿಂತ ಮೊದಲೇ, 1902ರಲ್ಲಿ, ಶಿವನಸಮುದ್ರದ ಕರೆಂಟು ಕಂಡ ಊರು ನಮ್ಮದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಕ್ಕದ ಬೆಂಚಿನವನ ಅಪ್ಪ ಮಾರಿಕುಪ್ಪಂನಲ್ಲಿ ಮುಂಜಾನೆ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೂಲಿಗೆ ಹೋಗಲು ಶುರು ಮಾಡಿದರು. ಮಗನಿಗೆ ಅಪ್ಪನ ಮುಖ ಸಿಗ್ತಿದ್ದದ್ದು ಭಾನುವಾರ ಮಾತ್ರ. ಇನ್ನು ಮೂರು ಮನೆಯವರು ಊರೇ ಬಿಟ್ಟರು, ಹೇಳದೇ.

ಮೇಷ್ಟ್ರು ಆ ಮೂವರ ಹೆಸರನ್ನ ಹಾಜರಿಯಿಂದ ಹೊಡೆದು ಹಾಕಲಿಲ್ಲ. ದಿನಾ ಕೂಗೋರು. ಒಂದು ಕ್ಷಣ ಕಾದು, ಮುಂದಿನ ಹೆಸರಿಗೆ ಹೋಗೋರು. ಏಪ್ರಿಲ್‌ನಲ್ಲಿ ಮಾರ್ಕ್ಸ್ ಕಾರ್ಡ್ ಹಂಚಿದ ಮೇಲೆ ಮೂರು ಉಳಿದವು. ಅವನ್ನ ಸುಣ್ಣದ ಕೈಯಲ್ಲೇ ನೇರ ಮಾಡಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಬಂದ್ರೆ ಕೇಳ್ತಾರಲ್ಲಪ್ಪಾ" ಅಂದರು.